ಭಾಗೀರಥಿ ಬರೆದ ಕೊಕ್ಕೆಯ ವರದಿ

ಪ್ರಯೋಗಾಲಯದ ವರದಿಗಳನ್ನು ನಾನು ಓದಿದಷ್ಟು ನಮ್ಮೂರಿನಲ್ಲಿ ಇನ್ಯಾರೂ ಓದಿಲ್ಲ. ಓದುವ ಕರ್ಮ ಯಾರಿಗೂ ಬೇಡ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೆಯ ವರ್ಷದ ಮಕ್ಕಳಿಗೆ ಲೋಹಗಳ ಪರೀಕ್ಷೆಯ ಲ್ಯಾಬ್ ನಡೆಸುವವನು ನಾನು. ಉದ್ದೇಶ, ಉಪಕರಣ, ವಿಧಾನ, ಅವಲೋಕನ ಎಂದು ತಲೆಬರಹ ಹಾಕಿ, ಹಿಂದಿನ ವರ್ಷದವರ ರೆಕಾರ್ಡನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಅದರಲ್ಲಿದ್ದ ತಪ್ಪುಗಳ ಸಮೇತ ಇಳಿಸುವುದನ್ನೇ ಅವರು ವರದಿ ಬರೆಯುವುದು ಎನ್ನುತ್ತಾರೆ. ಒಬ್ಬ ಮಹಾನುಭಾವ ಹಿಂದಿನವನ ಹೆಸರನ್ನೂ ಇಳಿಸಿ ತಂದಿದ್ದ. ಕೇಳಿದರೆ, ಅಕ್ಷರ ಮಾತ್ರ ನಂದೇ ಸಾರ್ ಎಂದ.

ಇಂಥವರ ನಡುವೆ ಭಾಗೀರಥಿ ಎಂಬ ಹುಡುಗಿ ಬರೆದ ಒಂದು ವರದಿಯ ಬಗ್ಗೆ ಹೇಳಬೇಕೆಂದು ಕೂತಿದ್ದೇನೆ. ಹೊಗಳುವುದು ನನಗೆ ಅಭ್ಯಾಸವಿಲ್ಲದ ಕೆಲಸ, ನನ್ನ ಕೆಂಪು ಪೆನ್ನಿಗೆ ಅಡ್ಡಗೆರೆ ಎಳೆದೇ ರೂಢಿ. ಆದರೂ ಆ ವರದಿಯನ್ನು ನೆನೆದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ, ಅದನ್ನು ಮುಚ್ಚಿಟ್ಟುಕೊಂಡು ನನಗೆ ಆಗಬೇಕಾದ್ದೇನೂ ಇಲ್ಲ.

ನಮ್ಮೂರಿನ ವರದಿಗಳಲ್ಲಿ ಅವಲೋಕನಕ್ಕೂ ಲೆಕ್ಕಕ್ಕೂ ನಡುವೆ 'ನುಡಿ' ಎಂಬ ಇನ್ನೊಂದು ತಲೆಬರಹವಿರುತ್ತದೆ. ಕಬ್ಬಿಣ ಮುರಿಯುವಾಗ ಹೇಳಿದ್ದನ್ನು ಅಲ್ಲಿ ಬರೆಯಬೇಕು. ತನ್ನ ಹತ್ತಿರ ಎಂದೋ ಯಾರೋ ಆಡಿದ ಒಂದು ಮಾತನ್ನು, ಆಡಿದವರದೇ ದನಿಯಲ್ಲಿ, ಒಂದೇ ಒಂದು ಸಲ ಅದು ಹೇಳುತ್ತದೆ. ಮೆದು ಉಕ್ಕು ಹಿಗ್ಗುತ್ತ ಹಿಗ್ಗುತ್ತ ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ಸ್ಪಷ್ಟವಾಗಿ ಹೇಳಿ ಮುರಿಯುತ್ತದೆ. ಎರಕದ ಕಬ್ಬಿಣಕ್ಕೆ ಪೀಠಿಕೆ ಬೇಕಿಲ್ಲ, ಟಪ್ಪೆಂದು ಅಂದುಬಿಡುತ್ತದೆ. ಅಲ್ಯುಮಿನಿಯಂ ಮೂಕ. ಕಾರ್ಖಾನೆಯಿಂದ ನೇರ ಬಂದ ಹೊಸ ಸರಳುಗಳಿಗೆ ಹೇಳಲು ಹೆಚ್ಚೇನೂ ಇರುವುದಿಲ್ಲ, "ಟೀ ಬಂತಾ" ಎಂದೋ "ಹಿಡ್ಕೋ, ಹಿಡ್ಕೋ" ಎಂದೋ ಹೇಳಿ ತುಂಡಾಗುತ್ತವೆ. ನಮ್ಮ ಹುಡುಗರು ಅದನ್ನೂ ಕಾಪಿ ಹೊಡೆಯುತ್ತಾರೆ. ಒಂದು ವರ್ಷ ಇಡೀ ತರಗತಿಯ ಅಲ್ಯುಮಿನಿಯಂ ಟೀ ಕೇಳಿತ್ತು.

ಊರಿನವರು ಇದಕ್ಕೆ ತಕ್ಕಂತೆ ಬಾಳುವುದನ್ನು ಕಲಿತಿದ್ದಾರೆ. ಪಾರ್ಕಿನಲ್ಲಿ ಪ್ರೇಮಿಗಳು ಕಲ್ಲಿನ ಬೆಂಚಿಗೆ ಕಾದು ನಿಲ್ಲುತ್ತಾರೆ, ಕಬ್ಬಿಣದ ಬೆಂಚುಗಳ ಮೇಲೆ ಕೂರುವವರು ಹೇಳಿಕೊಳ್ಳಲು ಏನೂ ಉಳಿಯದ ಹಳೆಯ ದಂಪತಿಗಳು ಮಾತ್ರ. ಅತ್ತೆಯ ಬಗ್ಗೆ ಏನಾದರೂ ಹೇಳುವುದಿದ್ದರೆ ಹೆಂಗಸರು ಬಾವಿಯ ರಾಟೆಯಿಂದ ನಾಲ್ಕು ಹೆಜ್ಜೆ ದೂರ ಬರುತ್ತಾರೆ. ತೊಟ್ಟಿಲಿನ ಸರಪಳಿಯ ಹತ್ತಿರ ಎಂಥ ಬಾಯಿಬಡುಕನೂ ಒಳ್ಳೆಯ ಮಾತನ್ನೇ ಆಡುತ್ತಾನೆ. ಸಂತೆಯಲ್ಲಿ ಆಟೋದ ಆಕ್ಸಲ್ ಮುರಿಯುವ ಹಾಗಿದ್ದರೆ ಜನ ತಕ್ಕಡಿ ಕೆಳಗಿಟ್ಟು ಕಿವಿಯೊಡ್ಡುತ್ತಾರೆ. ನಮ್ಮ ಪ್ರಿನ್ಸಿಪಾಲರ ಸ್ಕೂಟರಿನ ಸ್ಟ್ಯಾಂಡು ಕಾಲೇಜಿನ ಗೇಟಿನೆದುರೇ ಮುರಿದು, ಅವರದೇ ಗಂಭೀರ ದನಿಯಲ್ಲಿ "ಇವತ್ತೂ ಉಪ್ಪಿಟ್ಟಾ" ಎಂದು ಕೇಳಿದಾಗಿನಿಂದ ಅವರು ನಡೆದೇ ಬರುತ್ತಿದ್ದಾರೆ.

ಕಬ್ಬಿಣವನ್ನು ಎಳೆದು ಮುರಿಯುವ ಯಂತ್ರ ಊರಿಗೆಲ್ಲ ಒಂದೇ, ಅದು ನಮ್ಮ ಲ್ಯಾಬಿನಲ್ಲಿದೆ. ಹಾಗಾಗಿ ವ್ಯಾಜ್ಯಕ್ಕೆ ಬಂದ ಕಬ್ಬಿಣವನ್ನು ನಮ್ಮಲ್ಲಿಗೇ ತರುತ್ತಾರೆ. ಆ ವಾರ ಯಂತ್ರದ ಸರದಿ ಯಾವ ಬ್ಯಾಚಿನದೋ ಆ ಮಕ್ಕಳೇ ಪರೀಕ್ಷೆ ಮಾಡಿ, ವರದಿ ಬರೆದು, ವ್ಯಾಜ್ಯ ನಡೆದ ಜಾಗದಲ್ಲಿ ಎಲ್ಲರೆದುರು ಓದಬೇಕು. ಮಕ್ಕಳು ಇನ್ನೂ ಯಾರ ಕಡೆಯವರೂ ಆಗಿರುವುದಿಲ್ಲ ಎಂದು ಹಿರಿಯರ ನಂಬಿಕೆ. ನಾನು ಅದಕ್ಕೆ ಸಹಿಯನ್ನೂ ಹಾಕಬೇಕು, ಅಂಕವನ್ನೂ ಕೊಡಬೇಕು. ಜನರಿಗೆ ಬೇಕಾದ್ದು ಮಾತ್ರ ನುಡಿ ಒಂದೇ. ಅದನ್ನು ಓದಿದ ಕೂಡಲೇ ಚಪ್ಪಲಿ ಹುಡುಕಿಕೊಂಡು ಏಳುತ್ತಾರೆ. ಕಬ್ಬಿಣ ನುಡಿಯಿತು ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಭಾಗೀರಥಿಯ ಬ್ಯಾಚಿಗೆ ಬಂದದ್ದು ಕಲ್ಲಂಗಳದ ಕೊಕ್ಕೆ. ಕಲ್ಲಂಗಳವೆಂದರೆ ಬಂಡೆ ಕೊಯ್ದು ಚಪ್ಪಡಿ ಮಾಡುವ ನಮ್ಮೂರಿನ ಕಾರ್ಖಾನೆ. ಅಲ್ಲಿ ಸರಪಳಿ ರಾಟೆ ಎಳೆದು ಚಪ್ಪಡಿಗಳನ್ನು ಮೇಲೆತ್ತುವವನು ದ್ಯಾವಣ್ಣ, ಕೆಳಗೆ ನಿಂತು ಅವನ್ನು ಕೈಯಿಂದ ತಿರುಗಿಸಿ ಸಾಲಿಗೆ ಕೂರಿಸುವವನು ಲಕ್ಕಣ್ಣ. ಮೀಸೆ ಚಿಗುರುವ ಮುಂಚೆಯೇ ಜೊತೆಯಾಗಿ ಕೆಲಸಕ್ಕೆ ಸೇರಿದವರು. ಮಧ್ಯಾಹ್ನ ಇಬ್ಬರದೂ ಒಂದೇ ಬುತ್ತಿ, ಒಬ್ಬನ ಮನೆಯದು ರೊಟ್ಟಿ, ಇನ್ನೊಬ್ಬನ ಮನೆಯದು ಪಲ್ಯ. ಒಂದು ಬೆಳಿಗ್ಗೆ ಚಪ್ಪಡಿ ಮೇಲಿರುವಾಗಲೇ ಕೊಕ್ಕೆ ಬಾಯಿ ಬಿಟ್ಟುಕೊಂಡಿತು. ಚಪ್ಪಡಿಗೆ ಕಟ್ಟಿದ್ದ ಹಗ್ಗ ಜಾರಿತು. ಲಕ್ಕಣ್ಣನ ಬಲಗಾಲಿನ ಪಾದ ಹೋಯಿತು.

ಕಲ್ಲಂಗಳದ ಮಾಲೀಕ ವಿರೂಪಾಕ್ಷಯ್ಯ, ಬೇಗ ಕೆಲಸ ಮುಗಿಸಿ ಮನೆಗೆ ಹೋಗುವ ಆತುರಕ್ಕೆ ದ್ಯಾವಣ್ಣ ಎರಡು ಚಪ್ಪಡಿಗಳನ್ನು ಒಟ್ಟಿಗೆ ಕಟ್ಟಿದ್ದ ಎಂದು ಹೇಳಿದರು. ದ್ಯಾವಣ್ಣ ಒಂದೇ ಕಟ್ಟಿದ್ದೆ ಎಂದ. ಬಿದ್ದದ್ದು ಹಳೆಯ ಚೂರುಗಳ ರಾಶಿಯ ಮೇಲೆ ಬಿದ್ದು ಪುಡಿಯಾಗಿತ್ತು, ಎಣಿಸಿ ನೋಡುವಂತಿರಲಿಲ್ಲ. ಲಕ್ಕಣ್ಣನಿಗೆ ಬಾಯ್ತುಂಬ ಧೂಳು ಹೋದದ್ದು ಬಿಟ್ಟು ಬೇರೇನೂ ನೆನಪಿರಲಿಲ್ಲ. ನೋಡಲು ಹೋದ ದ್ಯಾವಣ್ಣನ ಮುಖದ ಮೇಲೆ ಲಕ್ಕಣ್ಣನ ಮನೆಯವರು ಬಾಗಿಲು ಹಾಕಿದರು, ಒಳಗೆ ಮಲಗಿದ್ದ ಲಕ್ಕಣ್ಣ ತೆಗೆಯಿರಿ ಎನ್ನಲಿಲ್ಲ. ಕೊಕ್ಕೆ ಬಾಗಿ ಸೀಳಿತ್ತೇ ಹೊರತು ಎರಡು ತುಂಡಾಗಿರಲಿಲ್ಲ, ಆದ್ದರಿಂದ ಅದರ ಮಾತು ಇನ್ನೂ ಅದರೊಳಗೇ ಇತ್ತು. ಅದು ದ್ಯಾವಣ್ಣನಿಗೆ ವಿರುದ್ಧವಾಗಿ ನುಡಿದರೆ ಈ ಊರಿನಲ್ಲಿ ಮತ್ತೆ ಯಾರೂ ಅವನ ಕೈಗೆ ಹಗ್ಗ ಕೊಡುವುದಿಲ್ಲ. ಭಾರ ಎತ್ತುವುದು ಬಿಟ್ಟು ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೆಳೆಯನ ಕಾಲು ತಿಂದವನು ಎಂಬ ಹೆಸರು ಹೊತ್ತು ಬದುಕಬೇಕಾಗುತ್ತಿತ್ತು.

ಈಗ ಭಾಗೀರಥಿಯ ಬಗ್ಗೆ ಸ್ವಲ್ಪ. ತೀರಾ ತಲೆಹರಟೆ. ಲ್ಯಾಬಿನಲ್ಲಿ ಕಡಲೆಕಾಯಿ ತಿಂದು ಸಿಪ್ಪೆಯನ್ನು ಜೇಬಿನಲ್ಲಿ ತುಂಬಿಕೊಳ್ಳುತ್ತಾಳೆ. ವರದಿಯನ್ನು ಹೇಳಿದ ದಿನ ಕೊಟ್ಟವಳೇ ಅಲ್ಲ. ವರದಿಯಲ್ಲಿ ನಾನು, ನನಗೆ ಎಂದು ಬರೆಯಬಾರದು, ಅಳೆಯಲಾಯಿತು, ನೋಡಲಾಯಿತು ಎಂದೇ ಬರೆಯಬೇಕು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಅದಕ್ಕೆ ಅವಳು ಮುಂದಿನ ವರದಿಯಲ್ಲಿ, "ಗೇಜಿನ ಮುಳ್ಳು ಸೊಟ್ಟಗಿರುವುದು ಕಂಡುಬಂದಿತು, ಈ ವಿಷಯವನ್ನು ಅಧ್ಯಾಪಕರಿಗೆ ಅನೇಕ ಸಲ ತಿಳಿಸಲಾಯಿತು, ಅವರು ತಲೆಯಾಡಿಸಿದ್ದನ್ನು ನೋಡಲಾಯಿತು" ಎಂದು ಬರೆದುಕೊಟ್ಟಳು. ನಾನು ಕೆಂಪು ಗೆರೆ ಎಳೆದೆ, ಆಮೇಲೆ ಮುಳ್ಳನ್ನು ಸರಿಮಾಡಿಸಿದೆ.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಹೊರಗೂ ಜನ. ದ್ಯಾವಣ್ಣ ಒಗೆದ ಅಂಗಿ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಭಾಗೀರಥಿ ಮತ್ತು ಅವಳ ಬ್ಯಾಚಿನ ಇಬ್ಬರು ಹುಡುಗರು ಕೊಕ್ಕೆಯನ್ನು ಯಂತ್ರಕ್ಕೆ ಕಚ್ಚಿಸಿ ಎಳೆಯತೊಡಗಿದರು. ಮುಳ್ಳು ಮೇಲೇರಿತು. ಕೊಕ್ಕೆ ಗೊಣಗಿತು, ಮತ್ತೆ ಗೊಣಗಿತು. ಆಮೇಲೆ ದ್ಯಾವಣ್ಣನ ದನಿಯಲ್ಲಿ, ಲ್ಯಾಬಿನ ಮೂಲೆಮೂಲೆಗೂ ಕೇಳುವಂತೆ, "ಇನ್ನೊಂದು ಹಾಕು" ಎಂದು ಹೇಳಿ ಮುರಿಯಿತು.

ದ್ಯಾವಣ್ಣ ಗೋಡೆಗುಂಟ ಜಾರಿ ನೆಲಕ್ಕೆ ಕೂತ. ವಿರೂಪಾಕ್ಷಯ್ಯ ಅವನತ್ತ ತಿರುಗಿ, ದನಿ ಯಾರದು ಹೇಳಪ್ಪ ಎಂದರು. ನಂದೇ ಎಂದ ಅವನು. ಯಾವತ್ತು ಅಂದೆನೋ ಗೊತ್ತಿಲ್ಲ ಎಂದೂ ಹೇಳಿದ, ಆದರೆ ಅದು ಯಾರ ಕಿವಿಗೂ ಬೀಳಲಿಲ್ಲ. ಜನ ಮಾತಾಡಿಕೊಳ್ಳುತ್ತ ಹೊರಟರು. ನಾನು ದ್ಯಾವಣ್ಣನ ಮುಖ ನೋಡಲಾರದೆ ಯಂತ್ರದ ಸ್ವಿಚ್ಚು ಆರಿಸಲು ಹೋದೆ.

ಭಾಗೀರಥಿ ಮಾತ್ರ ಮುರಿದ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಬ್ಯಾಚಿನ ಹುಡುಗನೊಬ್ಬ ಎಣ್ಣೆ ಬಟ್ಟೆಯಿಂದ ಒರೆಸಲು ಹೋದರೆ ಅವನ ಕೈಗೆ ಹೊಡೆದಳು. ಅದು ಹೇಳಬೇಕಾದ್ದನ್ನು ಹೇಳಿ ಆಯಿತಲ್ಲ, ಇನ್ನೇನು ನೋಡುತ್ತೀಯ ಎಂದು ನಾನು ರೇಗಿದೆ.

"ಸಾರ್, ಮುರಿದಿರೋ ಮುಖದಲ್ಲಿ ಮೂರು ಬಣ್ಣ ಇದೆ," ಎಂದಳು.

ನಮ್ಮೂರಿನಲ್ಲಿ ಮುರಿದ ಕಬ್ಬಿಣದ ಮುಖವನ್ನು ಯಾರೂ ನೋಡುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕೇಳಿಸಿಕೊಂಡ ಮೇಲೆ ಅದು ಗುಜರಿಗೆ ಹೋಗುತ್ತದೆ. ವರದಿಗಳಲ್ಲಿ ಅವಲೋಕನ ಎಂಬ ತಲೆಬರಹದ ಕೆಳಗೆ ನನ್ನ ಕಾಲದಿಂದಲೂ, ನನ್ನ ಗುರುಗಳ ಕಾಲದಿಂದಲೂ ಒಂದೇ ಸಾಲು, "ಮಾದರಿಯು ಮುರಿಯಿತು." ಎಲ್ಲರ ಜೀವವೂ ಕಿವಿಯಲ್ಲಿರುವ ಊರಿನಲ್ಲಿ ಒಬ್ಬ ಹುಡುಗಿ ಕಣ್ಣು ತೆರೆದಿದ್ದಳು. ನಾನೂ ಹತ್ತಿರ ಹೋಗಿ ನೋಡಿದೆ. ಕೊಕ್ಕೆಯ ಒಳಬಾಗಿನಿಂದ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಗೆ, ಎಣ್ಣೆ ಮತ್ತು ಕಲ್ಲಿನ ಹುಡಿ ಮೆತ್ತಿಕೊಂಡಿತ್ತು. ಅದರ ಪಕ್ಕ ತೆಳ್ಳನೆಯ ಕಿತ್ತಳೆ ಬಣ್ಣದ ತುಕ್ಕು. ಉಳಿದಷ್ಟು ಭಾಗ, ಅಂದರೆ ಆಗ ತಾನೇ ನಮ್ಮ ಯಂತ್ರ ಹರಿದದ್ದು, ಬೆಳ್ಳಿಯಂತೆ ಹೊಳೆಯುತ್ತಿತ್ತು.

ಅಲ್ಲಿಂದ ಅವಳು ವರದಿಗೆ ಬಿದ್ದಳು. ನಾನು ಇಷ್ಟು ವರ್ಷ ವಿಧಾನ, ವಿಧಾನ ಎಂದು ಬಡಿದುಕೊಂಡದ್ದಕ್ಕೆ ಅರ್ಥ ಏನೆಂದು ಆಗ ನನಗೇ ತಿಳಿಯಿತು. ಕಿತ್ತಳೆ ತುಕ್ಕು ಅವಘಡದ ದಿನ ಸೀಳಿದ ಭಾಗದ್ದು, ಕಪ್ಪು ಅದಕ್ಕೂ ಹಳೆಯ ಸೀಳು ಎಂದು ಊಹಿಸಿದರೆ ಸಾಲದು ಎಂದಳು. ಹೊಸದಾಗಿ ಮುರಿದ ಉಕ್ಕಿನ ತುಂಡುಗಳನ್ನು ಕಲ್ಲಂಗಳದ ರಾಟೆಯ ಕೆಳಗೇ ಇಟ್ಟು, ಅವಘಡದಿಂದ ಪರೀಕ್ಷೆಯವರೆಗೆ ಎಷ್ಟು ದಿನ ಕಳೆದಿತ್ತೋ ಅಷ್ಟೂ ದಿನ ಕಾದಳು. ಅದಕ್ಕಾಗಿ ಓದುವ ದಿನವನ್ನು ಮುಂದೂಡಿಸಿ ಎಂದು ನನ್ನನ್ನು ಪೀಡಿಸಿದಳು. ಇನ್ನೇನು ಓದುವುದಿದೆ ಎಂದು ವಿರೂಪಾಕ್ಷಯ್ಯ ಸಿಡಿಮಿಡಿಗೊಂಡರು, ಆದರೂ ಮುಂದೂಡಿಸಿದೆ. ತುಂಡುಗಳು ಅದೇ ಕಿತ್ತಳೆ ಬಣ್ಣಕ್ಕೆ ತಿರುಗಿದವು, ಒಂದೂ ಕಪ್ಪಾಗಲಿಲ್ಲ. ಕಪ್ಪು ಭಾಗವನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ಚೌಕಗಳನ್ನು ಎಣಿಸಿದಳು. ಎಣಿಸಿದ್ದನ್ನು ಬ್ಯಾಚಿನ ಹುಡುಗರಿಂದಲೂ ಬೇರೆ ಬೇರೆಯಾಗಿ ಎಣಿಕೆ ಮಾಡಿಸಿದಳು. ಕೊಕ್ಕೆಯ ಕತ್ತಿನಿಂದ ಒಂದು ಸರಳು ಕೊರೆಸಿ, ಆ ಉಕ್ಕಿನ ಬಲ ಎಷ್ಟೆಂದು ತಿಳಿಯಲು ಮತ್ತೆ ಎಳೆದಳು. ಹೇಳಿ ಮುಗಿಸಿದ ಕಬ್ಬಿಣ ಮತ್ತೆ ಮಾತಾಡುವುದಿಲ್ಲ, ಸರಳು ಸದ್ದಿಲ್ಲದೆ ಮುರಿಯಿತು. ನುಡಿಯೇ ಇಲ್ಲದ ಪರೀಕ್ಷೆ ಯಾಕೆ ಬೇಕು ಎಂದು ಹುಡುಗರು ನಕ್ಕರು.

ಚಪ್ಪಡಿಯ ತೂಕವನ್ನೂ ಅವಳು ಯಾರ ಬಾಯಿಂದಲೂ ಕೇಳಲಿಲ್ಲ. ಕಲ್ಲಂಗಳದ ಚಪ್ಪಡಿಗಳನ್ನು ಮರದ ಡಿಪೋಗೆ ಸಾಗಿಸಿ, ಅಲ್ಲಿಯ ದೊಡ್ಡ ಕಾಟಾದ ಮೇಲೆ ತೂಗಿಸಿದಳು. ಲೆಕ್ಕಕ್ಕೆ ಅವುಗಳಲ್ಲಿ ತೀರಾ ಹಗುರವಾದದ್ದನ್ನು ತೆಗೆದುಕೊಂಡಳು. ಸರಾಸರಿ ತಗೋಬಹುದಿತ್ತಲ್ಲ ಎಂದೆ. ದ್ಯಾವಣ್ಣ ಗೆಲ್ಲಲಿ ಅಂತ ನನಗೆ ಆಸೆ ಇದೆ ಸಾರ್, ಅದಕ್ಕೇ ಲೆಕ್ಕ ಆ ಕಡೆ ವಾಲಬಾರದು ಎಂದಳು. ಇದನ್ನು ನಾನು ಯಾವ ಪಾಠದಲ್ಲೂ ಹೇಳಿಕೊಟ್ಟಿರಲಿಲ್ಲ. ಆ ಕ್ಷಣ ಅವಳ ಕಡಲೆ ಸಿಪ್ಪೆಯನ್ನೆಲ್ಲ ಕ್ಷಮಿಸಿದೆ.

ಓದುವುದಕ್ಕೆ ಇನ್ನೊಂದೆರಡು ದಿನವಿರುವಾಗ ದ್ಯಾವಣ್ಣನ ಹೆಂಡತಿ ಗೌರಕ್ಕ ಲ್ಯಾಬಿಗೆ ಬಂದಳು. ಬಾಗಿಲಲ್ಲೇ ನಿಂತು, ನುಡಿ ಎಂಬಲ್ಲಿ ಬರೆಯದೆ ಬಿಟ್ಟುಬಿಡು ತಾಯಿ ಎಂದು ಕೇಳಿಕೊಂಡಳು. ಕೇಳಿದವರು ಕೇಳಿ ಆಗಿದೆ, ಆದರೆ ಅಕ್ಷರದಲ್ಲಿ ಕೂರುವುದು ಬೇಡ ಎಂಬುದು ಅವಳ ಬೇಡಿಕೆ. ಅಳಲಿಲ್ಲ, ಅತ್ತಿದ್ದರೆ ಸಹಿಸಬಹುದಿತ್ತೇನೋ. ಭಾಗೀರಥಿ ಎದ್ದು ಹೋಗಿ ಅವಳ ಕೈ ಹಿಡಿದುಕೊಂಡಳು.

"ಅಕ್ಕ, ಆ ಮಾತು ಬಿಟ್ಟು ಬರೆದ್ರೆ, ಮಿಕ್ಕಿದ್ದನ್ನೂ ಇವಳು ಹಿಂಗೇ ಬಿಟ್ಟು ಬರೆದಿರ್ತಾಳೆ ಅಂತ ಆಗುತ್ತೆ. ನಿಮ್ಮ ಯಜಮಾನ್ರನ್ನ ಕಾಯೋದು ಆ ಮಿಕ್ಕಿದ್ದೇ."

ಗೌರಕ್ಕನಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಹೋದಳು. ಭಾಗೀರಥಿ ಮತ್ತೆ ಕೂತು ಬರೆಯತೊಡಗಿದಳು, ಆದರೆ ಆವತ್ತು ಅವಳ ಜೇಬಿನ ಕಡಲೆಕಾಯಿ ಹಾಗೇ ಉಳಿಯಿತು.

ಮುಗಿಸಿದ ವರದಿಯನ್ನು ನನ್ನ ಮೇಜಿನ ಮೇಲಿಟ್ಟಾಗ ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದು ಓದಲು ಕೂತೆ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಪಾಪ ಎಂಬ ಮಾತಿಲ್ಲ, ಅನ್ಯಾಯ ಎಂಬ ಮಾತಿಲ್ಲ. ಎಲ್ಲಿ ಅಳತೆ ತಪ್ಪಿರಬಹುದು, ತಪ್ಪಿದ್ದರೆ ಎಷ್ಟು ತಪ್ಪಿರಬಹುದು ಎಂದು ಅವಳೇ ಬರೆದಿದ್ದಳು. ಓದಿ ಮುಗಿಸಿದಾಗ ಪೆನ್ನಿನ ಮುಚ್ಚಳ ಇನ್ನೂ ನನ್ನ ಎಡಗೈಯಲ್ಲೇ ಇತ್ತು. ಕೊನೆಯಲ್ಲಿ ಸಹಿ ಹಾಕಿ, ಕೆಳಗೆ "ಇದನ್ನು ಗಟ್ಟಿಯಾಗಿ ಓದು" ಎಂದು ಮಾತ್ರ ಬರೆದೆ.

ಕಲ್ಲಂಗಳದಲ್ಲಿ ಚಪ್ಪಡಿಗಳ ಮೇಲೆ ಜನ ಸಾಲಾಗಿ ಕೂತಿದ್ದರು. ಲಕ್ಕಣ್ಣನನ್ನು ಅವನ ಭಾವಮೈದುನರಿಬ್ಬರು ಕುರ್ಚಿ ಸಮೇತ ಹೊತ್ತು ತಂದು ಮುಂದೆ ಕೂರಿಸಿದರು. ದ್ಯಾವಣ್ಣ ದೂರದಲ್ಲಿ, ಬಾಗಿಲ ಹತ್ತಿರ, ಗೌರಕ್ಕನ ಪಕ್ಕ ನಿಂತಿದ್ದ. ಭಾಗೀರಥಿ ಓದತೊಡಗಿದಳು. ಕೊಕ್ಕೆಯನ್ನು ಯಂತ್ರಕ್ಕೆ ಕಚ್ಚಿಸಲಾಯಿತು, ಎಳೆಯಲಾಯಿತು. ಅವಲೋಕನದಲ್ಲಿ ಮೂರು ಬಣ್ಣಗಳ ವಿವರ ಬಂದಾಗ ಜನ ಆಕಳಿಸಿದರು, ಇದೆಲ್ಲ ಯಾಕೆ ಎಂದು ಯಾರೋ ಅಂದರು. ಆಮೇಲೆ ನುಡಿ ಬಂತು.

"ಇನ್ನೊಂದು ಹಾಕು ಎಂದು ಕೇಳಲಾಯಿತು. ದನಿ ದ್ಯಾವಣ್ಣನವರದು, ಅವರೇ ಒಪ್ಪಿದ್ದಾರೆ. ಯಾವ ದಿನದ ಮಾತು ಎಂಬುದು ತಿಳಿದುಬಂದಿಲ್ಲ."

ಜನ ಚಪ್ಪಲಿ ಹುಡುಕತೊಡಗಿದರು. ಕೂತ್ಕೊಳ್ಳಿ, ವರದಿ ಮುಗಿದಿಲ್ಲ ಎಂದಳು ಭಾಗೀರಥಿ. ಆ ಗದರಿಕೆಗೆ ಎದ್ದವರೂ ಕೂತರು. ಅವಳು ಲೆಕ್ಕವನ್ನು ಓದಿದಳು, ಚೌಕಗಳನ್ನು ಓದಿದಳು, ಡಿಪೋದ ಕಾಟಾವನ್ನು ಓದಿದಳು. ಕೊನೆಗೆ ಫಲಿತಾಂಶಕ್ಕೆ ಬಂದಳು. ಅಲ್ಲೂ ಅವಳ ಓದಿನ ವೇಗ ಬದಲಾಗಲಿಲ್ಲ.

"ಕೊಕ್ಕೆಯ ಅರ್ಧಕ್ಕಿಂತ ಹೆಚ್ಚು ಭಾಗ ಅವಘಡಕ್ಕೆ ಬಹಳ ಮೊದಲೇ ಸೀಳಿತ್ತು. ಆ ಬೆಳಿಗ್ಗೆ ಉಳಿದಿದ್ದ ಗಟ್ಟಿ ಕಬ್ಬಿಣವು ಅತಿ ಹಗುರವಾದ ಒಂದು ಚಪ್ಪಡಿಯನ್ನೂ ತಡೆಯುವಷ್ಟಿರಲಿಲ್ಲ. ಕಟ್ಟಿದ್ದು ಒಂದೋ ಎರಡೋ ಎಂಬುದನ್ನು ಈ ಪರೀಕ್ಷೆಯಿಂದ ಹೇಳಲಾಗದು. ಒಂದನ್ನೇ ಕಟ್ಟಿದ್ದರೂ ಬೀಳುತ್ತಿತ್ತು."

ವಿರೂಪಾಕ್ಷಯ್ಯ ಎದ್ದು ನಿಂತರು. ಕಬ್ಬಿಣವೇ ಬಾಯಿ ಬಿಟ್ಟು ಹೇಳಿದ ಮೇಲೆ ಮಕ್ಕಳ ಲೆಕ್ಕ ಕಟ್ಟಿಕೊಂಡು ಏನಾಗಬೇಕು ಎಂದು ಜನರನ್ನು ಕೇಳಿದರು. ಕೆಲವರು ಹೌದೆಂದು ತಲೆಯಾಡಿಸಿದರು. ನಾನು ಏನಾದರೂ ಹೇಳೋಣವೆಂದು ಏಳುವಷ್ಟರಲ್ಲಿ ಭಾಗೀರಥಿ ಚೀಲದಿಂದ ಮುರಿದ ತುಂಡು ತೆಗೆದಳು.

"ಯಾರೋ ಆಡಿದ್ದನ್ನ ಕಬ್ಬಿಣ ಹೇಳ್ತು ಸ್ವಾಮಿ, ನಾನೂ ಬರ್ಕೊಂಡೆ. ತನಗೇನಾಗಿತ್ತು ಅನ್ನೋದನ್ನ ಅದು ಹೇಳಲ್ಲ, ತೋರ್ಸುತ್ತೆ. ಒಂದ್ಸಲ ನೋಡಿ."

ಅವರು ಕೈ ಚಾಚಲಿಲ್ಲ. ಅವಳು ಅದನ್ನು ಲಕ್ಕಣ್ಣನ ತೊಡೆಯ ಮೇಲಿಟ್ಟಳು. ಇಡೀ ಅಂಗಳ ಕುತ್ತಿಗೆ ಉದ್ದ ಮಾಡಿ ನೋಡಿತು. ಲಕ್ಕಣ್ಣ ತುಂಡನ್ನು ಬೆಳಕಿಗೆ ಹಿಡಿದ. ಬೆಳ್ಳಗಿದ್ದ ಕಡೆ ನೋಡಿದ, ಕಿತ್ತಳೆ ನೋಡಿದ, ಕಪ್ಪಿನ ಮೇಲೆ ಹೆಬ್ಬೆರಳಿಟ್ಟು ಉಜ್ಜಿದ. ಬೆರಳಿಗೆ ಹಳೆಯ ಎಣ್ಣೆಯಲ್ಲಿ ಕಲಸಿದ ಕಲ್ಲಿನ ಹುಡಿ ಹತ್ತಿತು. ಅದು ಎಲ್ಲಿಯ ಹುಡಿ ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

"ದಿನಾ ಇದರ ಕೆಳಗೇ ನಿಂತ್ಕೋತಿದ್ದೆ," ಎಂದ. ಆಮೇಲೆ ವಿರೂಪಾಕ್ಷಯ್ಯನವರ ಕಡೆ ತಿರುಗಿ, "ದ್ಯಾವನೂ ದಿನಾ ಇದನ್ನ ನಂಬ್ಕೊಂಡೇ ಎಳೀತಿದ್ದ," ಎಂದ. ವಿರೂಪಾಕ್ಷಯ್ಯ ಕೂತುಬಿಟ್ಟರು. ತುಂಡು ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಮುದುಕರು ಕನ್ನಡಕ ಏರಿಸಿ ನೋಡಿದರು, ಹೆಂಗಸರು ಬೆರಳಿಟ್ಟು ನೋಡಿದರು. ಅಷ್ಟು ಜನ ಅಷ್ಟು ಹೊತ್ತು ಬರೀ ನೋಡುತ್ತ ಕೂತದ್ದನ್ನು ನಾನು ಈ ಊರಿನಲ್ಲಿ ಮೊದಲ ಸಲ ಕಂಡೆ. ನನ್ನ ವಿದ್ಯಾರ್ಥಿನಿ ಎಂದು ಎದ್ದು ಕೂಗಬೇಕೆನಿಸಿತು, ವಯಸ್ಸಿಗೆ ಒಪ್ಪುವುದಿಲ್ಲವೆಂದು ಸುಮ್ಮನಿದ್ದೆ.

ಹೊತ್ತಾಯಿತೆಂದು ಭಾವಮೈದುನರು ಬಂದು ಕುರ್ಚಿಗೆ ಕೈ ಹಾಕಿದರು. ಲಕ್ಕಣ್ಣ ಅವರ ಕೈಗಳನ್ನು ಸರಿಸಿದ. ಬಾಗಿಲ ಕಡೆ ನೋಡಿ, ಬೇರೆ ಯಾರೂ ಅಲ್ಲಿ ಇಲ್ಲವೇನೋ ಎಂಬಂತೆ, ಮೆಲ್ಲಗೆ ಕರೆದ.

"ದ್ಯಾವ, ಬಾರೋ. ನೀನೇ ಎತ್ತು ನನ್ನ."

ದ್ಯಾವಣ್ಣ ಕದಲಲಿಲ್ಲ. ಗೌರಕ್ಕ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. ಅವನು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಗೆಳೆಯನ ಮುಂದೆ ನಿಂತು, ಎರಡೂ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ. ಬಗ್ಗಿ ಒಂದು ಕೈ ಬೆನ್ನಿಗೆ, ಇನ್ನೊಂದು ಕೈ ಮೊಣಕಾಲುಗಳ ಕೆಳಗೆ ಕೊಟ್ಟ. ಲಕ್ಕಣ್ಣ ಅವನ ಕುತ್ತಿಗೆಗೆ ತೋಳು ಹಾಕಿಕೊಂಡು, ಎದೆಗೆ ಒರಗಿ, ಕಣ್ಣು ಮುಚ್ಚಿದ. ದ್ಯಾವಣ್ಣ ಎತ್ತಿದ. ಚಪ್ಪಡಿಗಳ ಸಾಲು ದಾಟಿ, ಬಾಗಿಲು ದಾಟಿ, ಏರುದಾರಿಯಲ್ಲಿ ಲಕ್ಕಣ್ಣನ ಮನೆಯವರೆಗೂ ಹಾಗೆಯೇ ನಡೆದ. ದಾರಿಯಲ್ಲಿ ಎಲ್ಲೂ ಅವನನ್ನು ಕೆಳಗಿಳಿಸಲಿಲ್ಲ.